ನಿಂಗಿಯ ನಾಲಿಗೆ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇಡೀ ನೌಕರಿಯನ್ನು ಸಿಡುಕುವ ಮಕ್ಕಳ ನಡುವೆ ಕಳೆದ ನಾನು ಸ್ವತಃ ಮಹಾ ಸಿಡುಕಿ. ಸಿಟ್ಟು ಇವಳ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನನ್ನ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು, ಮತ್ತು ನನ್ನ ಅತ್ತೆ ಸುಳ್ಳು ಹೇಳುವವರಲ್ಲ. ಹೋದ ತಿಂಗಳು ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಪುಣೆಯ ಕೋಥರೂಡದ ನಮ್ಮ ಮನೆ ಹುಡುಕಿಕೊಂಡು ಬಂದು, “ಮ್ಯಾಡಮ್, ಸಿಟ್ಟಿನ ಮಕ್ಕಳನ್ನು ಹೇಗೆ ಸಂಭಾಳಿಸಬೇಕು, ನಾಲ್ಕು ಮಾತು ಬರೆದುಕೊಡಿ” ಎಂದರು. ಆಗ ಒಲೆಯ ಮೇಲಿದ್ದ ಹಾಲು ಉಕ್ಕಿತು. “ಹಾಲಿಟ್ಟ ಹೊತ್ತಿಗೇ ಬರಬೇಕಿತ್ತೇನು ನೀವು?” ಎಂದು ಅವರ ಮೇಲೆ ಹರಿಹಾಯ್ದೆ. ಆಮೇಲೆ ನಾಚಿಕೆಯಾಗಿ ಇಬ್ಬರಿಗೂ ಚುರುಮುರಿ ಕಲಸಿ ಕೊಟ್ಟೆ. ಪಾಪ, ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಕಾಯಂ ಆದೆ, ಯಾವಾಗ ಹಿರಿಯಳಾದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮಕ್ಕಳು, ಮತ್ತು ನಾನು ಮಾಡಿದ ತಪ್ಪುಗಳು.

ಎಪ್ಪತ್ತರ ದಶಕದಲ್ಲಿ ಪುಣೆಯ ಒಂದು ದೊಡ್ಡ ಆಸ್ಪತ್ರೆಯ ಹಿಂಬದಿಯಲ್ಲಿ ನಮಗೊಂದು ಕೋಣೆ ಕೊಟ್ಟಿದ್ದರು. ಮಂಗಳವಾರ ಮತ್ತು ಶುಕ್ರವಾರ ಮಕ್ಕಳ ಮನಸ್ಸಿನ ತೊಂದರೆ ನೋಡುವ ದಿನ. ಒಂದು ಮೇಜು, ಮೂರು ಕುರ್ಚಿ, ಗಾಜಿನ ಬಾಗಿಲಿನ ಒಂದು ಕಪಾಟು, ಅದರೊಳಗೆ ಕಟ್ಟಿಗೆಯ ಆಟಿಗೆಗಳು. ನಮ್ಮ ಡಾಕ್ಟರು ಆಪಟೆ ಸರ್. ಬಾಗಿಲು ಕಾಯುವವಳು ಸಾಳೂಬಾಯಿ ಎಂಬ ಆಯಾ. ನಾನು ಸಮಾಜ ಕಾರ್ಯಕರ್ತೆ. ತಾಯಿತಂದೆಯರನ್ನು ಕೂಡಿಸಿಕೊಂಡು ಮಗುವಿನ ಹಿಂದುಮುಂದೆಲ್ಲ ಕೇಳಿ, ಕೇಸ್ ಪೇಪರಿನಲ್ಲಿ ಬರೆದು ಸರ್ ಮುಂದಿಡುವುದು ನನ್ನ ಕೆಲಸ. ನನ್ನ ತವರು ವಿಜಾಪುರದ ಕಡೆ, ಹಾಗಾಗಿ ಕನ್ನಡದವರು ಯಾರೇ ಬಂದರೂ ನನ್ನ ಕೈಗೆ ಬರುತ್ತಿದ್ದರು. ಸರ್ ಮತ್ತು ಸಾಳೂಬಾಯಿ ಆಡುತ್ತಿದ್ದದ್ದು ಮರಾಠಿ. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಸರ್ ನನ್ನನ್ನು ಕರೆಯುತ್ತಿದ್ದ ‘ಬಾಯಿ’ ಒಂದನ್ನು ಬಿಟ್ಟು; ಮರಾಠಿಯಲ್ಲಿ ಅದು ‘ಅಮ್ಮಾವರೇ’ ಎಂದಂತೆ.

ಮಗುವಿಗೆ ಏನಾಗಿದೆ ಎಂದರೆ ಮರಾಠಿ ತಾಯಂದಿರು “ಫಾರ್ ಚಿಡ್‌ಚಿಡ್ ಕರತೋ” ಎನ್ನುತ್ತಿದ್ದರು, ನಮ್ಮವರು “ಭಾಳ ಸಿಡಿಮಿಡಿ ಮಾಡ್ತಾನ್ರಿ” ಎನ್ನುತ್ತಿದ್ದರು. ಎರಡೂ ಒಂದೇ. ಹತ್ತು ಮಕ್ಕಳು ಬಂದರೆ ಆರೇಳು ಮಕ್ಕಳ ದೂರು ಇದೇ ಇರುತ್ತಿತ್ತು. ಆಗ ಅದಕ್ಕೊಂದು ಸಿರಪ್ಪು ಕೊಡುವ ರೂಢಿ ಇತ್ತು. ಮಗು ತೂಕಡಿಸುತ್ತಿತ್ತು, ಮನೆಯವರು ಆರಾಮ ಆಯಿತೆಂದು ನಮಗೆ ಕೈ ಮುಗಿಯುತ್ತಿದ್ದರು. ಆಪಟೆ ಸರ್‌ಗೆ ಆ ಕೈಮುಗಿತ ಕಂಡರೆ ಆಗುತ್ತಿರಲಿಲ್ಲ. “ತೂಕಡಿಸುವ ಮಗು ದೂರು ಹೇಳುವುದಿಲ್ಲ, ಅಷ್ಟೇ” ಎಂದು ಗೊಣಗುತ್ತಿದ್ದರು.

ನನ್ನ ಮೊದಲ ದೊಡ್ಡ ತಪ್ಪು ಪಿಂಪ್ರಿಯ ರವಿ ಎಂಬ ಏಳು ವರ್ಷದ ಹುಡುಗನ ವಿಷಯದಲ್ಲಿ ಆಯಿತು. ತಂದೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸಗಾರ, ಗದಗದ ಕಡೆಯವರು. ಹುಡುಗ ಪಾಟಿ ಒಡೆಯುತ್ತಾನೆ, ತಂಗಿಯನ್ನು ಬಡಿಯುತ್ತಾನೆ, “ಸುಮ್ಮನ ಕೂಡು ಅಂದ್ರ ಸಾಕು, ಮೈಮ್ಯಾಲ ಬರ್ತಾನ್ರಿ” ಎಂದಳು ತಾಯಿ. ನಾನು ತಾಯಿಯನ್ನು ಅರ್ಧ ತಾಸು ಕೇಳಿದೆ, ಹುಡುಗನನ್ನು ಹೊರಗೆ ಸಾಳೂಬಾಯಿಯ ಹತ್ತಿರ ಕೂಡಿಸಿದ್ದೆ. ಕೇಸ್ ಪೇಪರಿನಲ್ಲಿ ‘ಹಟಮಾರಿ. ತಂದೆ ಇನ್ನಷ್ಟು ಬಿಗಿ ಮಾಡಬೇಕು’ ಎಂದು ಅಚ್ಚುಕಟ್ಟಾಗಿ ಬರೆದೆ. ಸರ್ ಅದನ್ನು ಓದಿ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು.

“ಬಾಯಿ, ಈ ಹುಡುಗ ದಿನಕ್ಕೆ ಎಷ್ಟು ಸಲ ‘ಸುಮ್ಮನಿರು’ ಅನ್ನಿಸಿಕೊಳ್ಳುತ್ತಾನೆ?”

“ಕೇಳಲಿಲ್ಲ ಸರ್.”

“ಹೋಗಿ ನೋಡಿ ಬನ್ನಿ.”

ನನಗೆ ಉರಿದುಹೋಯಿತು. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಪಿಂಪ್ರಿಗೆ ಹೋದೆ. ಒಂದೇ ಕೋಣೆಯ ಮನೆ. ತಂದೆಗೆ ರಾತ್ರಿ ಪಾಳಿ, ಹಗಲು ಹೊತ್ತು ಕೋಣೆಯ ನಟ್ಟನಡುವೆ ಮಲಗಿದ್ದರು. ತಾಯಿ ಪಾತ್ರೆಯ ಮುಚ್ಚಳವನ್ನು ಅರಿವೆ ಹಿಡಿದು ಸಪ್ಪಳವಾಗದಂತೆ ಇಳಿಸುತ್ತಿದ್ದಳು. ಹುಡುಗ ಮೂಲೆಯಿಂದ ಮೂಲೆಗೆ ತುದಿಗಾಲಿನಲ್ಲಿ ನಡೆಯುತ್ತಿದ್ದ. ಅಷ್ಟರಲ್ಲಿ ಒಗ್ಗರಣೆಯ ಘಾಟಿಗೆ ನಾನು ದೊಡ್ಡದಾಗಿ ಸೀನಿಬಿಟ್ಟೆ. ಆ ಹುಡುಗ ಒಂದೇ ನೆಗೆತಕ್ಕೆ ಬಂದು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿದ.

ನನಗೆ ಅಲ್ಲೇ ಅಳು ಬಂತು. ಪಕ್ಕದ ಮನೆಯವರದು ಹಗಲು ಪಾಳಿ, ಅವರ ಕೋಣೆ ಹಗಲೆಲ್ಲ ಖಾಲಿ. ಅವರನ್ನು ಒಪ್ಪಿಸಿ ತಂದೆಯ ಹಾಸಿಗೆಯನ್ನು ಅಲ್ಲಿಗೆ ಸಾಗಿಸಿದೆವು, ಅಷ್ಟೇ ಔಷಧ. ಆವತ್ತಿನಿಂದ ಸರ್ ನಮ್ಮ ಕೋಣೆಗೆ ಒಂದು ಕಾನೂನು ಮಾಡಿದರು: “ಆಧೀ ಮೂಲ, ಮಗ ಆಯೀ.” ಮೊದಲು ಮಗುವನ್ನು ಕೇಳಬೇಕು, ಆಮೇಲೆ ತಾಯಿಯನ್ನು. ಅದನ್ನು ನಾನು ಹೊಸಬರಿಗೆಲ್ಲ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಹೇಳಿ ಹೇಳಿ ನಾನೇ ಮರೆತೆ.

ಮರೆತದ್ದು ನಿಂಗಿಯ ವಿಷಯದಲ್ಲಿ. ಈಗ ಬರೆಯಲು ಹೊರಟಿದ್ದೇ ಅವಳ ಮಾತು, ಉಳಿದದ್ದೆಲ್ಲ ಪೀಠಿಕೆ.

ಆಗ ಕೋಥರೂಡದಲ್ಲಿ ಹೊಲಗಳ ನಡುವೆ ಒಂದೊಂದೇ ಅಪಾರ್ಟ್‌ಮೆಂಟ್ ಏಳುತ್ತಿದ್ದ ಕಾಲ. ಕಟ್ಟುವವರು ನಮ್ಮ ಗುಲಬರ್ಗಾ ಸೀಮೆಯಿಂದ ಬಂದ ಮಂದಿ, ಕಟ್ಟಡದ ಮಗ್ಗುಲಲ್ಲೇ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಅಂಥ ಒಂದು ಗುಂಪಿನಿಂದ ದೇವಕ್ಕ ಎಂಬ ಹೆಣ್ಣುಮಗಳು ತನ್ನ ಹನ್ನೊಂದು ವರ್ಷದ ಮಗಳು ನಿಂಗಮ್ಮನನ್ನು ಕರೆದುಕೊಂಡು ಬಂದಿದ್ದಳು. ಆವತ್ತು ನಾನು ರಜೆ, ತವರಿನಲ್ಲಿ ಲಗ್ನವಿತ್ತು. ಮರುವಾರ ತಾಯಿ ಮಗಳು ಮತ್ತೆ ಬಂದರು. ನೋಡಿದರೆ ಕೇಸ್ ಪೇಪರಿನಲ್ಲಿ ಸರ್ ಅಕ್ಷರದಲ್ಲಿ ಹೀಗಿತ್ತು: ‘ತಾಯಿಯ ಹೇಳಿಕೆ. ಹುಡುಗಿ ಕೆಟ್ಟವಳು. ಕರೆದವರನ್ನು ಕಚ್ಚುತ್ತಾಳೆ. ಇವಳ ಬಾಯಿಂದ ಒಳ್ಳೆಯದು ಬರುವುದಿಲ್ಲ. ಇವಳು ಇರದಿದ್ದರೆ ಎಲ್ಲರಿಗೂ ಒಳ್ಳೆಯದು.’

ಓದಿ ನನಗೆ ಮೈಯೆಲ್ಲ ಬೆಂಕಿ. ಹುಡುಗಿಯನ್ನು ಹೊರಗೆ ಕಳಿಸಿ, ದೇವಕ್ಕನನ್ನು ಎದುರಿಗೆ ಕೂಡಿಸಿಕೊಂಡು ಚೆನ್ನಾಗಿ ಝಾಡಿಸಿದೆ. “ಹೆತ್ತ ಮಗಳು ಇರದಿದ್ರ ಛಲೋ ಅಂತೀಯಲ್ಲ, ನೀ ತಾಯಿ ಏನವಾ? ಮಾತಾಡಾಕ ನಾಚಿಕಿ ಬರಂಗಿಲ್ಲೇನು ನಿನಗ?”

ದೇವಕ್ಕ ಪಿಳಿಪಿಳಿ ನೋಡಿದಳು. ಸೆರಗು ಬಾಯಿಗೆ ಹಿಡಿದಳು. “ಯವ್ವಾ! ನಾ ಹಂಗ ಯಾವಾಗ ಅಂದೀನ್ರಿ ಅಕ್ಕಾರ? ಪೋರಿ ಊಟ ಬಿಟ್ಟದ, ನಗೂದು ಬಿಟ್ಟದ, ಯಾರರ ಕರದ್ರ ಕಚ್ಚಾಕ ಹೋಗ್ತದ, ಮದಲ ಹಿಂಗಿರಲಿಲ್ರಿ, ಭಾಳ ಶಾಣ್ಯಾ ಹುಡುಗಿ, ಏನಾಗ್ಯದ ನೋಡ್ರಿ ಅಂತ ಅತಗೋತ ಹೇಳೀನ್ರಿ. ನನ್ನ ಮಗಳಿಗೆ ನಾ ಹಂಗಂತೀನೇನ್ರಿ?”

ನಾನು ಕೇಸ್ ಪೇಪರ್ ಹಿಡಿದುಕೊಂಡು ಸರ್ ಹತ್ತಿರ ಹೋದೆ. “ಸರ್, ಆವತ್ತು ಈ ತಾಯಿಯ ಮಾತನ್ನು ನಿಮಗೆ ಮರಾಠಿಯಲ್ಲಿ ಹೇಳಿದವರು ಯಾರು?”

“ನೀವಿರಲಿಲ್ಲವಲ್ಲ. ಆ ಹುಡುಗಿಗೇ ಮರಾಠಿ ಬರುತ್ತದೆ. ಎಷ್ಟು ಚುರುಕು! ಅವಳೇ ಹೇಳಿದಳು” ಎಂದರು ಸರ್. ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಇಳಿಯಿತು. ಪೆನ್ಸಿಲನ್ನು ಮೇಜಿನ ಮೇಲಿಟ್ಟರು. “ಅಯ್ಯೋ ದೇವರೇ. ಅವಳ ಮೇಲಿನ ದೂರನ್ನು ಅವಳ ಬಾಯಿಂದಲೇ ಹೇಳಿಸಿದೆನಲ್ಲ ಬಾಯಿ.”

ತಾಯಿ ಅತ್ತು ಹೇಳಿದ್ದನ್ನು ಬಿಟ್ಟು, ತನ್ನ ಬಗ್ಗೆ ತನಗೇ ಅನ್ನಿಸಿದ್ದನ್ನು ಆ ಹುಡುಗಿ ತಾಯಿಯ ಹೆಸರಿನಲ್ಲಿ ಹೇಳಿದ್ದಳು. ಸರ್ ಅದನ್ನು ಬರೆದುಕೊಂಡರು, ನಾನು ಅದನ್ನು ಓದಿ ತಾಯಿಗೆ ಬೈದೆ. ಓದಿದವರು ಮಾಡುವ ತಪ್ಪುಗಳು ಇಂಥವೇ ಇರುತ್ತವೆ.

ಸಾಳೂಬಾಯಿ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. “ನನ್ನನ್ನು ಯಾರೂ ಕೇಳುವುದಿಲ್ಲ” ಎಂದಳು. “ಆ ಹುಡುಗಿ ಹೊರಗೆ ಕೂತಾಗೆಲ್ಲ ನೀರಿನ ಲೋಟದಲ್ಲಿ, ಕಿಟಕಿಯ ಗಾಜಿನಲ್ಲಿ ನಾಲಿಗೆ ಚಾಚಿ ನೋಡಿಕೊಳ್ಳುತ್ತಾಳೆ. ಹೋದ ವಾರವೂ ನೋಡಿದೆ, ಇವತ್ತೂ ನೋಡಿದೆ.”

ಆಗ ನಿಂಗಿಯನ್ನು ಒಳಗೆ ಕರೆದೆ, ಒಬ್ಬಳನ್ನೇ. ಕಡ್ಡಿಯಂಥ ಹುಡುಗಿ, ಕಣ್ಣು ಮಾತ್ರ ದೊಡ್ಡವು. ನೆಲದ ಮೇಲೆ ಕೂತಳು, ನಾನೂ ಕೂತೆ. ಆಟಿಗೆ ಕೊಟ್ಟೆ, ದೂಡಿದಳು. ಹೆಸರು ಕೇಳಿದೆ. “ಗೊತ್ತಿದ್ದು ಯಾಕ ಕೇಳ್ತೀರಿ?” ಎಂದಳು. ಊಟ ಆಯಿತಾ ಎಂದೆ. “ನಾ ಏನೂ ಹೇಳಂಗಿಲ್ಲ, ಏನೂ ಹೇಳಂಗಿಲ್ಲ!” ಎಂದು ಕಿರುಚಿದಳು. ನನಗೂ ರೇಗಿತು. “ಹೇಳಬ್ಯಾಡ ಹೋಗ!” ಎಂದು ಮುಖ ತಿರುಗಿಸಿ, ಸಿಕ್ಕುಬಿದ್ದಿದ್ದ ಬುಗುರಿಯ ದಾರವನ್ನು ಬಿಡಿಸುತ್ತ ಕೂತೆ. ಅದು ಬಿಡಿಸಿದಷ್ಟೂ ಸಿಕ್ಕಾಗುತ್ತಿತ್ತು. “ಹಾಳಾದ್ದು!” ಎಂದು ದಾರವನ್ನೇ ಬಿಸಾಡಿದೆ.

ಸ್ವಲ್ಪ ಹೊತ್ತಿಗೆ ಬಳೆಯ ಸಪ್ಪಳವಾಯಿತು. ನಿಂಗಿ ದಾರ ಎತ್ತಿಕೊಂಡು ಬಿಡಿಸುತ್ತಿದ್ದಳು.

“ನೀವೂ ಸಿಡಿಮಿಡಿ ಮಾಡ್ತೀರಿ” ಎಂದಳು.

“ಹೌದವಾ, ನಿನಗಿಂತ ಜಾಸ್ತಿ.”

“ನಿಮಗ ಔಷಧ ಕೊಟ್ಟಿಲ್ಲೇನು?”

“ನನಗ್ಯಾರು ಕೊಡ್ತಾರ?”

ಅವಳು ದಾರದ ಮೇಲೇ ಕಣ್ಣಿಟ್ಟು ಕೇಳಿದಳು. “ಅಕ್ಕಾರ, ಮರಾಠಿ ಮರಸೂ ಔಷಧ ಅದ ಏನ್ರಿ?”

ಇಷ್ಟು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಅಂಥದ್ದೊಂದು ಕೇಳಿಲ್ಲ. ಯಾಕವ್ವ ಎಂದೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ನನಗದು ಸುಲಭದ ಕೆಲಸವಲ್ಲ.

ದಾರದ ಗಂಟು ಒಂದೊಂದೇ ಬಿಡಿಸುತ್ತ ಹೇಳಿದಳು. ಆ ಗುಡಿಸಲುಗಳಲ್ಲಿ ಮರಾಠಿ ಬರುತ್ತಿದ್ದದ್ದು ಇವಳೊಬ್ಬಳಿಗೇ. ಸುತ್ತಲಿನ ಮಕ್ಕಳ ಜೊತೆ ಆಡಿ ಕಲಿತದ್ದು. ರೇಶನ್ ಅಂಗಡಿಗೆ ಇವಳು, ಕೂಲಿ ಕೊಡುವ ಮುಕಾದಮನ ಹತ್ತಿರ ಇವಳು, ಜಗಳ ಬಿಡಿಸಲಿಕ್ಕೂ ಇವಳು. “ನಿಂಗಿ ಬಾ, ಏನಂತಾನ ಕೇಳು” ಎಂದು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದರು. ಇವಳಿಗೂ ಅದರಲ್ಲಿ ಜಂಬವಿತ್ತು. ಮೂರು ತಿಂಗಳ ಹಿಂದೆ ಪಕ್ಕದ ಗುಡಿಸಲಿನ ಯಲ್ಲವ್ವ ಎಂಬವಳ ನಾಲ್ಕು ತಿಂಗಳ ಗಂಡುಕೂಸಿಗೆ ವಾಂತಿಭೇದಿ ಹತ್ತಿತು. ಯಲ್ಲವ್ವ ಇವಳನ್ನು ಕರೆದುಕೊಂಡು ದವಾಖಾನೆಗೆ ಹೋದಳು. ಅಲ್ಲಿಯ ಡಾಕ್ಟರು ಕೂಸನ್ನು ನೋಡಿ, ಭಾಳ ತಡ ಮಾಡಿದಿರಿ, ಇದು ಉಳಿಯುವುದಿಲ್ಲ, ತಾಯಿಗೆ ಹೇಳು ಎಂದು ಈ ಹನ್ನೊಂದು ವರ್ಷದವಳಿಗೆ ಹೇಳಿದರು.

“ನೀ ಹೇಳಿದಿ?”

“ಹೇಳೀನ್ರಿ. ಕೂಸು ಉಳಿಯೂದಿಲ್ಲ ಅಂತಾರ ಅಂತ. ಸಂಜೀಕ ಹೋತು.”

ಕೂಸು ಹೋದ ಮೇಲೆ ಇವಳ ನಾಲಿಗೆಯ ಮೇಲೊಂದು ಕಪ್ಪು ಮಚ್ಚೆ ಇರುವುದು ಯಾರ ಕಣ್ಣಿಗೋ ಬಿತ್ತು. ನಮ್ಮ ಕಡೆ ಅದಕ್ಕೆ ಕರಿನಾಲಿಗೆ ಎನ್ನುತ್ತಾರೆ, ಅಂಥವರು ಆಡಿದ ಕೆಟ್ಟ ಮಾತು ನಿಜವಾಗುತ್ತದೆಂಬ ನಂಬಿಕೆ. ಮಂದಿ ಇವಳನ್ನು ಕರೆಯುವುದನ್ನು ಬಿಟ್ಟರೇ? ಇಲ್ಲ, ಬೇರೆ ದಿಕ್ಕಿಲ್ಲವಲ್ಲ. ಕರೆಯುತ್ತಿದ್ದರು, ಇವಳು ಹೇಳಿ ಮುಗಿಸಿದ ಮೇಲೆ ಪಕ್ಕಕ್ಕೆ ತಿರುಗಿ ಉಗುಳುತ್ತಿದ್ದರು. “ಛಲೋದಿದ್ರ ಅಷ್ಟ ಹೇಳು” ಎನ್ನುತ್ತಿದ್ದರು. ಅದಕ್ಕೇ ಇವಳು ಕರೆದವರನ್ನು ಕಚ್ಚುತ್ತಿದ್ದದ್ದು, ಯಾರೂ ಕರೆಯದಿರಲಿ ಎಂದು. ಅಂಥವಳನ್ನು ನಮ್ಮ ಕೋಣೆಯಲ್ಲೂ ಅದೇ ಕೆಲಸಕ್ಕೆ ಹಚ್ಚಿದ್ದೆವು.

“ಈಗ ಎಲ್ಲಾ ಛಲೋ ಆಗ್ತದ್ರಿ” ಎಂದಳು ನಿಂಗಿ, ಬಿಡಿಸಿದ ದಾರವನ್ನು ನನ್ನ ಕೈಗೆ ಕೊಟ್ಟು. “ಐತವಾರ ನಮ್ಮ ಹಿರ್ಯಾ ಸಾಯಬಣ್ಣ ಮುತ್ಯಾ ಅರಿಶಿಣಕೊಂಬು ಕಾಸಿ ನಾಲಿಗಿ ಮ್ಯಾಲ ಬರೆ ಇಡ್ತಾನ. ಮಚ್ಚಿ ಸುಟ್ಟು ಹೋಗ್ತದ. ಮರುದಿನ ಎಲ್ಲಾರೂ ಜೇಜುರಿ ಗುಡಿಗೆ ಹೋಗಿ ಹಣಿಗೆ ಅರಿಶಿಣದ ಭಂಡಾರ ಹಚಗೊಂಡು ಬರೂದು. ಅಲ್ಲಿ ದೇವರು ಅಂದ್ರ ನಮ್ಮ ಮೈಲಾರಲಿಂಗನ.”

“ನೀ ಒಲ್ಲೆ ಅನ್ನಲಿಲ್ಲೇನು?”

“ನಾನ ಇಡು ಅಂದೀನ್ರಿ. ನಾಲಿಗಿ ಸುಟ್ರ ಮಾತು ಬರಂಗಿಲ್ಲ. ಆಮ್ಯಾಲ ಯಾರೂ ಕರಿಯಂಗಿಲ್ಲ.”

ಆವತ್ತು ಶುಕ್ರವಾರ. ನಡುವೆ ಒಂದೇ ದಿನ. ನಾನು ಸರ್ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಸರ್ ದೇವಕ್ಕನನ್ನು ಕರೆದು ಕೇಳಿಸಿದರು. “ಹಿರ್ಯಾ ಹೇಳ್ಯಾನ್ರಿ, ನಾ ಏನ್ ಮಾಡ್ಲಿ? ಇಲ್ಲಾಂದ್ರ ಊರಿಗೆ ಕಳಿಸ್ರಿ ಇಕೀನ್ನ ಅಂತಾರ್ರಿ ಎಲ್ಲಾರೂ” ಎಂದು ಅತ್ತಳು. ಸರ್ ಆ ತನಕ ಆಸ್ಪತ್ರೆಯ ಗೇಟು ದಾಟಿ ರೋಗಿಯ ಮನೆಗೆ ಹೋದವರಲ್ಲ, ಹೋಗುತ್ತಿದ್ದದ್ದು ನಾನೊಬ್ಬಳೇ. “ನಾಳೆ ಮಧ್ಯಾಹ್ನ ಇಬ್ಬರೂ ಹೋಗೋಣ” ಎಂದರು.

ಶನಿವಾರ ಮಧ್ಯಾಹ್ನ ಬಸ್ಸಿಳಿದು ಅಲ್ಲಿಗೆ ಹೋದಾಗ ಮಂದಿ ಅರ್ಧ ಎದ್ದ ಕಟ್ಟಡದ ನೆರಳಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ನಡುವೆ ಸಾಯಬಣ್ಣ ಮುತ್ಯಾ. ಅರವತ್ತು ದಾಟಿದ, ಬಿಳಿ ಮೀಸೆಯ, ಮೆತ್ತಗಿನ ಮಾತಿನ ಮನುಷ್ಯ. ಕೆಟ್ಟವನಾಗಿದ್ದರೆ ನನಗೆ ಕೆಲಸ ಸುಲಭವಾಗುತ್ತಿತ್ತು. ನಿಂಗಿ ಒಂದು ಕಂಬಕ್ಕೆ ಒರಗಿ ನಿಂತಿದ್ದಳು.

ದಾರಿಯುದ್ದಕ್ಕೂ ಸರ್ ಹೇಳಿದ್ದರು, ನಿಧಾನ ಬಾಯಿ, ನಿಧಾನ ಎಂದು. ನಾನು ಮುತ್ಯಾನನ್ನು ಕಂಡದ್ದೇ ತಡ, ಶುರು ಹಚ್ಚಿಕೊಂಡೆ. “ಸಣ್ಣ ಪೋರಿ ನಾಲಿಗಿ ಸುಡ್ತೀರೇನು? ಬುದ್ಧಿ ಅದ ಏನು ನಿಮಗ? ಪೊಲೀಸರಿಗೆ ಹೇಳ್ತೀನಿ, ಒಬ್ಬೊಬ್ಬರನ್ನೂ ಒಳಗ ಹಾಕಸ್ತೀನಿ!”

ರೊಟ್ಟಿ ತಿನ್ನುವ ಕೈಗಳು ನಿಂತವು. ಮುತ್ಯಾ ನೀರು ಕುಡಿದು, ಬಾಯಿ ಒರೆಸಿಕೊಂಡು ಕೇಳಿದ. “ಅಕ್ಕಾರ, ನಮ್ಮ ಕೂಸು ಸತ್ತಾಗ ನೀವೆಲ್ಲಿದ್ರಿ?”

ಹೆಂಗಸರು ಎದ್ದು ಹೊರಟರು. ದೇವಕ್ಕ ತಲೆ ತಗ್ಗಿಸಿದಳು. ಎಲ್ಲ ಕೆಡಿಸಿಬಿಟ್ಟೆ ಎಂದು ನನಗೆ ಗೊತ್ತಾಯಿತು. “ಏನಂದರು?” ಎಂದು ಸರ್ ಕೇಳಿದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಆಗ ಕಂಬದ ಹತ್ತಿರದಿಂದ ನಿಂಗಿಯ ದನಿ ಬಂತು, ಸ್ವಚ್ಛ ಮರಾಠಿಯಲ್ಲಿ: “ನಮ್ಮ ಕೂಸು ಸತ್ತಾಗ ನೀವೆಲ್ಲಿದ್ದಿರಿ ಅಂತ ಕೇಳುತ್ತಿದ್ದಾರೆ.” ರೂಢಿಬಲ, ಪಾಪ. ಹೇಳಿದ ಕೂಡಲೇ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ಇಬ್ಬರು ಗಂಡಸರು ಪಕ್ಕಕ್ಕೆ ತಿರುಗಿ ಉಗುಳಿದರು.

ಅದನ್ನು ಸರ್ ನೋಡಿದರು. ಹೋಗಿ ಮುತ್ಯಾನ ಪಕ್ಕದಲ್ಲೇ, ಸಿಮೆಂಟಿನ ಧೂಳಿನಲ್ಲಿ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೂತರು. ಕುಡಿಯಲು ನೀರು ಕೇಳಿದರು. ಕುಡಿದ ಮೇಲೆ ನನಗೆ ಹೇಳಿದರು. “ಬಾಯಿ, ಒಂದೇ ಪ್ರಶ್ನೆ ಕೇಳಿ. ಆ ದಿನ ದವಾಖಾನೆಯಲ್ಲಿ ಏನೇನಾಯಿತು, ಕಂಡವರು ಹೇಳಿ ಅಂತ. ಕೇಳಿ ಸುಮ್ಮನಾಗಿ. ದಯವಿಟ್ಟು.”

ಕೇಳಿದೆ. ಸುಮ್ಮನಾದೆ. ನನ್ನ ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದುಕೊಂಡೆ.

ಮರಳಿನ ರಾಶಿಯ ಆಚೆ ಒಬ್ಬಳು ಮೊಣಕಾಲಿಗೆ ಮುಖ ಹಚ್ಚಿ ಕೂತಿದ್ದಳು. ಅವಳೇ ಯಲ್ಲವ್ವ. ಅವಳು ಎದ್ದು ನಿಂತಳು.

“ನಾ ಇದ್ನಿ” ಎಂದಳು. “ಡಾಕ್ಟರ ಅಂದಿದ್ದು ಕೇಳಿ ಈ ಪೋರಿ ಅಳಾಕ ಹತ್ತಿತು. ಏನಂದ ಹೇಳು ಅಂದೆ. ಹೇಳಲಿಲ್ಲ. ಕೂಸಿಗೆ ಆರಾಮ ಆಗ್ತದ ಅಂತಾರ ಅಂದಳು. ಮಾರಿ ನೋಡಿದ್ರ ಸುಳ್ಳು ಅಂತ ಗೊತ್ತಾತು. ಖರೇ ಹೇಳು ಅಂತ ಕಪಾಳಕ್ಕ ಹೊಡದೆ. ಒಲ್ಲೆ ಒಲ್ಲೆ ಅಂದಳು. ಮತ್ತ ಹೊಡದೆ. ಕೂದಲಾ ಹಿಡದು ಹೊಡದೆ. ಆಮ್ಯಾಲ ಹೇಳಿದಳು.” ಮುತ್ಯಾನ ಕಡೆ ತಿರುಗಿದಳು. “ಆಕಿ ಆಡಿದ ಮಾತಲ್ಲ ಅದು, ನಾ ಬಡದು ಆಡಿಸಿದ ಮಾತು. ಮುತ್ಯಾ, ಬರೆ ಇಡೂದಿದ್ರ ನನ್ನ ಕೈಗೆ ಇಡು.”

ನಿಂಗಿ ಈ ಸಂಗತಿಯನ್ನು ನನಗೂ ಹೇಳಿರಲಿಲ್ಲ. ತಾಯಿಗೂ ಹೇಳಿರಲಿಲ್ಲ. ಕೂಸು ಸತ್ತವಳ ಮೇಲೆ ಚಾಡಿ ಹೇಳಬಾರದೆಂದು ಮೂರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು, ಕಂಡವರನ್ನೆಲ್ಲ ಕಚ್ಚಿಕೊಂಡು ಬದುಕಿದ್ದಳು ನನ್ನ ಬಂಗಾರ. ಯಲ್ಲವ್ವ ಮರಳು ತುಳಿದುಕೊಂಡು ಬಂದು ಅವಳನ್ನು ಅವಚಿಕೊಂಡಾಗ ಮೊದಲು ಬಿಡಿಸಿಕೊಳ್ಳಲು ಕೊಸರಾಡಿದಳು. ಆಮೇಲೆ ಇಬ್ಬರೂ ನೆಲಕ್ಕೆ ಕೂತು ಜೋರಾಗಿ ಅತ್ತರು. ನಾನೂ ಅತ್ತೆ. ಸರ್ ಮಾತ್ರ ಕನ್ನಡಕ ಒರೆಸಿದ್ದೇ ಒರೆಸಿದ್ದು.

ಮುತ್ಯಾ ಸೊಂಟದ ಚೀಲದಿಂದ ಒಂದು ಅರಿಶಿಣಕೊಂಬು ತೆಗೆದು ದೇವಕ್ಕನ ಮುಂದೆ ಹಿಡಿದ. “ತಗೋ, ಕುಟ್ಟಿ ಬ್ಯಾಳಿಗೆ ಹಾಕು” ಎಂದ. “ಪೋರಿಗೆ ತುಪ್ಪ ಹಾಕಿ ಉಣ್ಣಸು.” ಸೋಮವಾರ ಎಲ್ಲರೂ ಜೇಜುರಿಗೆ ಹೋಗಿ ಬಂದರು. ಮಂಗಳವಾರ ನಿಂಗಿ ಹಣೆ ತುಂಬ ಭಂಡಾರ ಹಚ್ಚಿಕೊಂಡು ನಮ್ಮ ಕೋಣೆಗೆ ಬಂದು, ನಮ್ಮ ಮೂವರ ಹಣೆಗೂ ಹಚ್ಚಿದಳು. ಸರ್ ದಿನವಿಡೀ ಹಾಗೇ ರೋಗಿಗಳನ್ನು ನೋಡಿದರು.

ಅಲ್ಲಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಯಾವ ಮಗುವಿನ ಕೈಯಲ್ಲೂ ಮನೆಯವರ ಮಾತನ್ನು ಹೇಳಿಸಬಾರದು. ನಾನು ರಜೆಯಿದ್ದರೆ ಕೇಸ್ ನಿಲ್ಲಲಿ, ಮಗು ಕಾಯಲಿ, ಆದರೆ ಹಾಗೆ ಮಾಡಬಾರದು ಎಂದು ಸರ್ ಗೋಡೆಗೆ ಬರೆದು ಅಂಟಿಸಿದರು. ಬಾಗಿಲ ಹೊರಗೆ ಮಗು ಏನು ಮಾಡಿತೆಂದು ಸಾಳೂಬಾಯಿಯನ್ನು ಕೇಳಿ ಬರೆಯಲು ಕೇಸ್ ಪೇಪರಿನಲ್ಲಿ ಜಾಗ ಮಾಡಿದೆವು. ಸಾಳೂಬಾಯಿಗೆ ಅದರಿಂದ ಬಂದ ಗತ್ತು ಹೇಳತೀರದು. ನಾನು ಕೆಲವು ಶನಿವಾರ ಆ ಗುಡಿಸಲುಗಳಿಗೆ ಹೋಗಿ ದೊಡ್ಡವರಿಗೆ ಮರಾಠಿ ಕಲಿಸಿದೆ. ರೇಶನ್ನಿಗೆ ಆರು ಮಾತು, ದವಾಖಾನೆಗೆ ಹತ್ತು ಮಾತು. ನಿಂಗಿ ಹಿಂದೆ ಕೂತು ನನ್ನದನ್ನೇ ತಿದ್ದುತ್ತಿದ್ದಳು. “ಅಕ್ಕಾರ ಮರಾಠಿ ಭಾಳ ಹೊಲಸದ” ಎಂದು ಎಲ್ಲರ ಮುಂದೆ ಹೇಳಿದಳು. ಅವಳ ಸಿಡುಕು ಹೋಯಿತೇ ಎಂದು ಕೇಳಬೇಡಿ. ಕಚ್ಚುವುದು ನಿಂತಿತು, ಊಟ ಶುರುವಾಯಿತು. ಸಿಡುಕು ಸ್ವಲ್ಪ ಉಳಿಯಿತು, ಉಳಿದರೆ ಉಳಿಯಲಿ ಬಿಡಿ.

ಮುಂದಿನ ವರ್ಷ ಯಲ್ಲವ್ವ ಹೆರಿಗೆಗೆ ನಮ್ಮ ಆಸ್ಪತ್ರೆಗೇ ಬಂದಳು. ನಿಂಗಿ ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆ ಹೆರಿಗೆಯಾಯಿತು. ಕೂಸು ಕೂಡಲೇ ಅಳಲಿಲ್ಲ. ನರ್ಸು ಅದನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಓಡಿದಳು. ಸುದ್ದಿ ತಿಳಿದು ನಾನು ಓಡಿ ಹೋದಾಗ ಯಲ್ಲವ್ವ ಮಂಚದ ಸರಳು ಹಿಡಿದುಕೊಂಡು ಮಲಗಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

“ನಾ ಕೇಳಿ ಬಂದು ಹೇಳ್ತೀನಿ, ತಡಿ” ಎಂದೆ.

“ನೀವು ಬ್ಯಾಡ್ರಿ ಅಕ್ಕಾರ” ಎಂದಳು. “ನಿಂಗೀನ್ನ ಕಳಸ್ರಿ. ಆ ದಿನಾ ಕೇಳಿದ್ದು ಆಕಿ ಬಾಯಿಲೆ. ಇವತ್ತೂ ಏನಿದ್ರೂ ಆಕಿ ಬಾಯಿಲೇನ ಕೇಳ್ತೀನಿ.”

ನಾವೇ ಮಾಡಿದ ಕಾನೂನು, ಮಕ್ಕಳಿಂದ ಹೇಳಿಸಬಾರದೆಂದು. ಸುದ್ದಿ ಕೆಟ್ಟದ್ದಿದ್ದರೆ? ಹೊರಗೆ ಬಂದು ನಿಂಗಿಯ ಪಕ್ಕದಲ್ಲಿ ಕೂತೆ. ಯಲ್ಲವ್ವ ಕೇಳಿದ್ದನ್ನು ಇದ್ದಂತೆ ಹೇಳಿದೆ. “ನಿಂಗಿ, ಒಲ್ಲೆ ಅಂದ್ರ ಒಲ್ಲೆ. ಯಾರೂ ಏನೂ ಅನ್ನಂಗಿಲ್ಲ. ನಾ ಹೋಗ್ತೀನಿ.”

ಅವಳು ನನ್ನ ಮುಖವನ್ನೇ ನೋಡಿದಳು. ಬೆಂಚಿನಿಂದ ಇಳಿದು ಪಕ್ಕದ ಕೋಣೆಯ ಬಾಗಿಲಿಗೆ ಹೋದಳು. ಒಳಗಿನಿಂದ ಕೂಸಿನ ಅಳು ಸಣ್ಣಗೆ ಕೇಳತೊಡಗಿತ್ತು. ನರ್ಸು ಹೊರಗೆ ಬಂದದ್ದೇ ನಿಂಗಿ ಅವಳಿಗೆ ಮರಾಠಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಉಸಿರು ಸರಿ ಇದೆಯೇ? ಹಾಲು ಕುಡಿಯುತ್ತದೆಯೇ? ಖಂಡಿತವೇ? ನರ್ಸಿಗೆ ಸಾಕುಸಾಕಾಯಿತು. “ಅಗ ಬಾಯೀ, ಖಂಡಿತ!” ಎಂದಳು. ನಿಂಗಿ ಲಂಗ ಜಾಡಿಸಿಕೊಂಡು ಒಳಗೆ ನಡೆದಳು, ನಾನು ಬಾಗಿಲಲ್ಲೇ ನಿಂತೆ.

“ಯಲ್ಲವ್ವತ್ತೀ, ಹೆಣ್ಣುಕೂಸದ” ಎಂದಳು. “ಈಗ ಅಳಾಕ ಹತ್ತ್ಯದ. ಉಳೀತದ ಅಂತಾರ.”

ಯಲ್ಲವ್ವ ಅವಳ ಕೈ ಹಿಡಿದುಕೊಂಡಳು. “ಇನ್ನೊಮ್ಮೆ ಅನ್ನವಾ.”

“ಉಳೀತದ ಅಂತಾರ.”

“ಮತ್ತೊಮ್ಮೆ.”

“ಎಷ್ಟು ಸಲ ಹೇಳಬೇಕು ನಿನಗ? ಉಳೀತದ ಅಂದೀನಲ್ಲ!” ಎಂದು ನಿಂಗಿ ಇಡೀ ವಾರ್ಡು ತಿರುಗಿ ನೋಡುವಂತೆ ಸಿಡುಕಿದಳು.

ಯಲ್ಲವ್ವ ನಗುತ್ತ, ಅಳುತ್ತ, ಇನ್ನೂ ಒಮ್ಮೆ ಹೇಳಿಸಿದಳು.